ಅಕ್ಕನ ಕೈ ಸೇರಿದ ಗರಗಸ

ಗರಗಸ ಹುಟ್ಟಿದ್ದೇ ಮರ ಕೊಯ್ಯುವುದಕ್ಕೆ ಎಂದು ನೀವು ನಂಬಿದ್ದರೆ ತಪ್ಪೇನಿಲ್ಲ. ನಮ್ಮ ಬಡಗಿ ಮೇಸ್ತ್ರಿಯೂ ತಲೆ ನರೆಯುವವರೆಗೆ ಹಾಗೇ ನಂಬಿದ್ದ. ಅವನ ಕೈಚಳಕ ಅಂಥಿಂಥದ್ದಲ್ಲ. ಅವನು ಕೂರಿಸಿದ ಬಾಗಿಲು ಮುಚ್ಚಿದರೆ ಒಳಗಿನ ಜಗಳ ಹೊರಗೆ ಬರುತ್ತಿರಲಿಲ್ಲ. ಸೊಳ್ಳೆಗಳು ಚೌಕಟ್ಟಿನ ಮೇಲೆ ಕೂತು ನಿಟ್ಟುಸಿರು ಬಿಟ್ಟು ಪಕ್ಕದ ಮನೆಗೆ ಹೋಗುತ್ತಿದ್ದವು.

ಮನೆಯ ಸಂಗೀತವನ್ನೆಲ್ಲ ಬಾಚಿಕೊಂಡು ಹುಟ್ಟಿದವಳು ಅವನ ಅಕ್ಕ. ಅವಳು ಹಾಡಲು ಕೂತರೆ ಬೀದಿಯ ಕುಕ್ಕರುಗಳು ಸೀಟಿ ಹೊಡೆಯಲು ನಾಚುತ್ತಿದ್ದವು. ಬೀದಿಯ ಅರ್ಧ ಜನ ಅವಳ ಶಿಷ್ಯರು. ಅವರಲ್ಲಿ ಹಿರಿಯ, ಪೋಸ್ಟ್‌ಮ್ಯಾನ್.

ಅಂಥವಳ ಗಂಟಲಿಗೇ ಕಾಯಿಲೆ ಬಂತು. ಆಪರೇಷನ್ನಿನಲ್ಲಿ ಜೀವ ಉಳಿಯಿತು, ದನಿ ಉಳಿಯಲಿಲ್ಲ, ಉಳಿದದ್ದು ಪಿಸುಮಾತು. ಹಾಡಿ ತೋರಿಸಲಾಗದವಳು ಏನು ಕಲಿಸಲಿ ಎಂದು ಶಿಷ್ಯರನ್ನೆಲ್ಲ ಕಳಿಸಿ ಕೋಣೆ ಸೇರಿದಳು. ಊಟಕ್ಕೆ ಕರೆದರೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು.

ಆ ಕೋಣೆಯ ಕಿಟಕಿ ಬಿಗಿಯಾಗಿದ್ದನ್ನೇ ನೆಪ ಮಾಡಿಕೊಂಡು ಮೇಸ್ತ್ರಿ ಒಂದು ಮಧ್ಯಾಹ್ನ ಹೊಸ ಗರಗಸ ಹಿಡಿದು ಒಳಹೊಕ್ಕ. ಹೊಸ ಅಲಗನ್ನು ಬಾಗಿಸಿ ಬೆರಳಿನಿಂದ ಮೀಟಿ ನೋಡದೆ ಅವನು ಮರಕ್ಕೆ ಹಚ್ಚುವವನಲ್ಲ. ಬಿರುಕಿದ್ದರೆ ಸದ್ದು ಮಂಕಾಗುತ್ತದೆ, ಗಟ್ಟಿಯಿದ್ದರೆ ಉಲಿಯುತ್ತದೆ. ಮೀಟಿದ. ಮಂಚದ ಕಡೆಯಿಂದ ಪಿಸುದನಿ ಬಂತು.

“ಶ್ರುತಿ ಇಳಿದಿದೆ. ಇನ್ನೊಂಚೂರು ಬಗ್ಸು.”

ಬಗ್ಗಿಸಿದ. ಸ್ವರ ಏರಿತು. ಅಕ್ಕ ಎದ್ದು ಬಂದು ಗರಗಸ ಕಿತ್ತುಕೊಂಡಳು. ಹಿಡಿಯನ್ನು ಮೊಣಕಾಲುಗಳ ನಡುವೆ ಅದುಮಿ, ತುದಿಯನ್ನು ಎಡಗೈಯಿಂದ ಬಾಗಿಸಿ, ಹಲ್ಲಿಲ್ಲದ ಅಂಚಿನ ಮೇಲೆ ಮುರಿದು ಮೂಲೆ ಸೇರಿದ್ದ ತನ್ನ ಹಳೆಯ ಪಿಟೀಲಿನ ಕಮಾನು ಎಳೆದಳು. ಎದ್ದ ದನಿಗೆ ಪಕ್ಕದ ಮನೆಯ ನಾಯಿ ಬೊಗಳುವುದನ್ನು ಅರ್ಧಕ್ಕೆ ನಿಲ್ಲಿಸಿತು. ಉಳಿದರ್ಧ ಅದಕ್ಕೆ ಇನ್ನೂ ನೆನಪಾಗಿಲ್ಲವಂತೆ.

ಅಂದಿನಿಂದ ಹೊಸ ಗರಗಸ ಅಕ್ಕನದು, ಮೊಂಡು ಗರಗಸ ತಮ್ಮನದು. ಇನ್ನು ಮುಂದೆ ಹಾರ್ಮೋನಿಯಂನಲ್ಲಿ ಮರ ಕೊಯ್ಯಿರಿ ಎಂದು ಮೇಸ್ತ್ರಿಯ ಹೆಂಡತಿ ಹಂಗಿಸಿದಳು. ಅಕ್ಕ ಮಾತ್ರ ಎರಡು ಹೊತ್ತು ಉಣ್ಣತೊಡಗಿದಳು, ಕೊನೆಗೆ ಶಿಷ್ಯರನ್ನು ಕರೆದುಕೊಂಡು ಬಾ ಎಂದು ತಮ್ಮನಿಗೆ ಹೇಳಿದಳು. ಅವರಾಗಲೇ ಸೇತುವೆಯಾಚೆಯ ಇನ್ನೊಬ್ಬ ಗುರುಗಳನ್ನು ಗೊತ್ತುಮಾಡಿಕೊಂಡಿದ್ದರು. ಗರಗಸದ ಹತ್ತಿರ ಸಂಗೀತ ಕಲಿತರೆ ಮುಂದೆ ಸುತ್ತಿಗೆಯ ಹತ್ತಿರ ನಾಟ್ಯ ಕಲಿಯಬೇಕೇ ಎಂದು ಪೋಸ್ಟ್‌ಮ್ಯಾನ್ ಕೇಳಿದ. ಆದರೂ ಹಳೆಯ ಋಣಕ್ಕೆ ಭಾನುವಾರ ಬಂದು ಒಂದು ಸಲ ಕೇಳುತ್ತೇವೆ, ಆಮೇಲೆ ನೋಡೋಣ ಎಂದ.

ಮೇಸ್ತ್ರಿಗೆ ನಿದ್ದೆ ಹತ್ತಲಿಲ್ಲ. ನಾಲ್ಕು ಜನರೆದುರು ಅಕ್ಕ ಬರಿಯ ಗರಗಸ ಹಿಡಿದು ಕೂರುವುದೇ? ಅವಳಿಗೆ ತಿಳಿಯದಂತೆ ಬೀಟೆಯಲ್ಲೊಂದು ಚೌಕಟ್ಟು ಮಾಡಿದ. ಬಳ್ಳಿ ಕೆತ್ತಿದ, ಮುಖ ಕಾಣುವಷ್ಟು ಪಾಲಿಶ್ ಹೊಡೆದ. ಭಾನುವಾರ ಬೆಳಗ್ಗೆ ಗರಗಸವನ್ನು ಅದರಲ್ಲಿ ಕೂರಿಸಿ, ಎರಡೂ ತುದಿಗೆ ಸ್ಕ್ರೂ ಬಿಗಿದ. ಭೂಕಂಪವಾದರೂ ಅಲುಗುವಂತಿರಲಿಲ್ಲ.

ಎಲ್ಲರೂ ಬಂದು ಕೂತ ಮೇಲೆ ಅಕ್ಕನ ಮುಂದಿಟ್ಟು, ಮೇಲೆ ಹೊದಿಸಿದ್ದ ಬಟ್ಟೆ ಸರಿಸಿದ. ಆಹಾ ಎಂದರು. ಅಕ್ಕ ಕಮಾನು ಎಳೆದಳು. ಬಾಲ ತುಳಿಸಿಕೊಂಡ ಬೆಕ್ಕಿನಂಥ ಒಂದು ಕುಯ್ ಬಂತು, ಅಷ್ಟೇ. ಮತ್ತೆ ಎಳೆದಳು, ಅದೂ ಬರಲಿಲ್ಲ. ಶಿಷ್ಯರು ತಮ್ಮ ತಮ್ಮ ಕಾಲ್ಬೆರಳು ನೋಡತೊಡಗಿದರು. ಪೋಸ್ಟ್‌ಮ್ಯಾನ್ ಎದ್ದು ಚಪ್ಪಲಿ ಹುಡುಕಿದ. ಮೇಸ್ತ್ರಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ಬಿಚ್ಚೋ ಇದನ್ನ,” ಎಂದಳು ಅಕ್ಕ.

“ಬೀಟೆ ಅಕ್ಕಾ ಅದು...”

“ನನ್ನನ್ನೂ ಹೀಗೇ ಕೂರ್ಸಿ ಎರಡೂ ಕಡೆ ಸ್ಕ್ರೂ ಹೊಡೆದಿದ್ರೆ ನಾನು ಹಾಡ್ತಿದ್ನೇನೋ?”

ಮೇಸ್ತ್ರಿ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದ. ಅಕ್ಕ ಗರಗಸವನ್ನು ಮೊಣಕಾಲಿಗೆ ಸಿಕ್ಕಿಸಿ ಬಾಗಿಸಿದಳು. ಈ ಸಲ ಬಂದದ್ದು ಅವಳದೇ ದನಿ. ಗಂಟಲಿನ ಬದಲು ಉಕ್ಕಿನಿಂದ ಬಂತು, ಅಷ್ಟೇ ವ್ಯತ್ಯಾಸ. ಒಂದು ಚಪ್ಪಲಿ ಮೆಟ್ಟಿದ್ದ ಪೋಸ್ಟ್‌ಮ್ಯಾನ್ ತನಗರಿವಿಲ್ಲದೆ ಜೊತೆಗೂಡಿ ಹಾಡಿದ. ಎಂದಿನಂತೆ ಮೇಲಿನ ಸ್ವರದಲ್ಲಿ ಜಾರಿದ. ಗರಗಸ ನಿಂತಿತು, ಅದೇ ಸ್ವರವನ್ನು ಮತ್ತೆ ಹಿಡಿದು ತೋರಿಸಿತು. ಅವನು ತಿದ್ದಿಕೊಂಡ. ಮತ್ತೆ ಜಾರಿದ, ಮತ್ತೆ ತಿದ್ದಿಸಿಕೊಂಡ. ಹಾಡು ಮುಗಿದಾಗ ಚಪ್ಪಲಿ ಬಿಟ್ಟು ಬಂದು ಎಲ್ಲರಿಗಿಂತ ಮುಂದೆ ಕೂತ.

“ಟೀಚರ್, ನಾಳೆ ಎಷ್ಟು ಹೊತ್ತಿಗೆ ಬರ್ಲಿ?”

“ಮೊದ್ಲಿನ ಹೊತ್ತಿಗೇ,” ಎಂದಳು ಅಕ್ಕ. “ತಡ ಮಾಡಿದ್ರೆ ಹೊರಗೇ ನಿಲ್ಲಿಸ್ತೀನಿ.”