ಹೆಂಡ್ರಿಕ್‌ನ ಮಕ್ಕಳು

ಅವರ ಕೈಬೆರಳುಗಳು ಸಂಧಿವಾತದಿಂದ ಹಸಿಶುಂಠಿಯಂತೆ ಗಂಟುಗಂಟಾಗಿದ್ದವು. ಆ ಬೆರಳಲ್ಲೇ ಮೆಟ್ಟಿಲ ಪಕ್ಕದ ಗೋಡೆಗೆ ಹಾಕಿದ್ದ ವಂಶವೃಕ್ಷವನ್ನು ಮುಟ್ಟಿ ಮುಟ್ಟಿ ತೋರಿಸುತ್ತಿದ್ದರು. ತೊಂಬತ್ತರ ದಶಕದಲ್ಲಿ ಅಮೆರಿಕದ ಎಲಿಕಾಟ್ ಸಿಟಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಅವರು. ಕೆಳಗೆ ಅವರು, ಮೇಲೆ ನಾವು. ಮಗಳಿಗೆ ಕಲಿಸಿದಂತೆ ನಾನೂ ಅಜ್ಜಿ ಎನ್ನುತ್ತಿದ್ದೆ.

ಅವರ ಮನೆತನದ ಹೆಸರು ಹೆಂಡ್ರಿಕ್ಸ್. ಹೆಂಡ್ರಿಕ್‌ನ ಮಗ ಎಂದಷ್ಟೇ ಅದರ ಅರ್ಥ. ಹಾಲೆಂಡಿನಲ್ಲಿದ್ದ ಅವರ ಹಿರಿಯರಿಗೆ ಮನೆತನದ ಹೆಸರೇ ಇರಲಿಲ್ಲವಂತೆ. ಯಾನ್‌ನ ಮಗ ಹೆಂಡ್ರಿಕ್ ಯಾನ್ಸ್, ಆ ಹೆಂಡ್ರಿಕ್‌ನ ಮಗ ಪೀಟರ್ ಹೆಂಡ್ರಿಕ್ಸ್, ಹೀಗೆ ತಲೆಮಾರಿಗೊಂದು. ಫ್ರೆಂಚರ ಆಳ್ವಿಕೆಯಲ್ಲಿ, ಎಲ್ಲರೂ ಒಂದೇ ಹೆಸರಿಗೆ ನಿಲ್ಲಬೇಕೆಂದು ಹುಕುಂ ಬಂದಾಗ ಈ ಪೀಟರ್ ಬದುಕಿದ್ದ. ಅವನದೇ ಉಳಿಯಿತು. ನನ್ನ ಒಲೆಯ ಮೇಲೆ ಅನ್ನ ಸೀಯುತ್ತಿದ್ದರೂ ಅಜ್ಜಿ ಬಿಡದೆ ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ, ಅಷ್ಟೆ.

ನಾನು ಹುಟ್ಟಾ ಪುಕ್ಕಲಿ. ಯಜಮಾನರು ಕೆಲಸದ ಮೇಲೆ ಅಟ್ಲಾಂಟಾಕ್ಕೆ ಹೋಗಿದ್ದಾಗ ಒಂದು ಮಧ್ಯಾಹ್ನ ಮೂರು ವರ್ಷದ ಮಗಳಿಗೆ ಜ್ವರ ಏರಿ ಫಿಟ್ಸ್ ಬಂತು. ನನಗೆ ಡ್ರೈವಿಂಗ್ ಬಾರದು. ಅಜ್ಜಿಯೇ ಕಾರು ಓಡಿಸಿದರು. ಆಸ್ಪತ್ರೆಯವರು ಮಗುವನ್ನು ಒಳಗೆ ಒಯ್ದು ನನ್ನನ್ನು ಮೇಜಿನ ಮುಂದೆ ತಡೆದರು. ಮಗಳ ಲಾಸ್ಟ್ ನೇಮ್ ಅವಳಪ್ಪನ ಹೆಸರು, ಅವರದು ನಮ್ಮ ಮಾವನ ಹೆಸರು, ನನ್ನದು ನನ್ನಪ್ಪನ ಹೆಸರು. ಒಂದೇ ಮನೆಯ ಮೂವರಿಗೆ ಮೂರು. ಮೇಜಿನ ಹಿಂದಿದ್ದ ಹೆಂಗಸು ನನ್ನನ್ನೇ ದಿಟ್ಟಿಸಿ, ತಾಯಿ ಮಗಳ ಹೆಸರು ತಾಳೆಯಾಗುತ್ತಿಲ್ಲ, ಮೇಲಿನವರನ್ನು ಕೇಳಬೇಕು ಎಂದು ಎದ್ದಳು. ಅನುಮಾನ ಬಂದರೆ ಇಲ್ಲಿ ಮಕ್ಕಳನ್ನೇ ಕಿತ್ತುಕೊಂಡುಬಿಡುತ್ತಾರೆ ಎಂದು ಲ್ಯಾನ್‌ಹ್ಯಾಮ್ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಯಾರೋ ಹೇಳಿದ್ದು ನೆನಪಾಯಿತು. ಬಾಯಿಂದ ಇಂಗ್ಲಿಷೂ ಹೊರಡಲಿಲ್ಲ, ಕನ್ನಡವೂ ಹೊರಡಲಿಲ್ಲ.

ಅಜ್ಜಿ ಮೇಜಿನ ಮೇಲೆ ಎರಡೂ ಕೈ ಊರಿ ನಿಂತರು.

“ಇವರಲ್ಲಿ ಅಪ್ಪನ ಹೆಸರೇ ಮಕ್ಕಳಿಗೆ. ನಮ್ಮಲ್ಲೂ ಹಾಗೇ ಇತ್ತು. ನಮ್ಮ ಮುತ್ತಜ್ಜಿಯರ ಮಕ್ಕಳನ್ನು ಯಾರೂ ತಡೆದಿಟ್ಟುಕೊಳ್ಳಲಿಲ್ಲ. ಇವಳನ್ನು ಒಳಗೆ ಬಿಡಿ.”

ಬಿಟ್ಟರು. ಮಗಳು ಕಣ್ಣುಬಿಟ್ಟು, “ಅಮ್ಮಾ, ಮನೆಗೆ ಗೋ ಮಾಡೋಣ” ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

ಯಜಮಾನರು ಬಂದವರೇ, “ಎಲ್ರಿಗೂ ಒಂದೇ ಲಾಸ್ಟ್ ನೇಮ್‌ಗೆ ಅಪ್ಲೈ ಮಾಡ್ಬಿಡೋಣ” ಎಂದರು. ನನಗೂ ಅದೇ ಸರಿ ಅನ್ನಿಸಿತ್ತು. ಅಜ್ಜಿಗೆ ಹೇಳಿದರೆ ಅವರು ಬೇಡವೆಂದು ತಲೆಯಾಡಿಸಿಬಿಟ್ಟರು. “ಹೆದರಿ ಬದಲಾಯಿಸಬೇಡ. ನಮ್ಮ ಪೀಟರ್ ಹೆದರಿದ್ದಕ್ಕೇ ನಾವೆಲ್ಲ ಇವತ್ತಿಗೂ ಹೆಂಡ್ರಿಕ್‌ನ ಮಕ್ಕಳು. ನಮ್ಮಪ್ಪನ ಹೆಸರು ಎಲ್ಲೂ ಇಲ್ಲ” ಎಂದರು.

ನಾವು ಆ ಊರು ಬಿಟ್ಟು ಷಾರ್ಲೆಟ್‌ಗೆ ಹೋದ ಮೇಲಿನ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದಿದ್ದ ಹಿರಿಯರೊಬ್ಬರು ನಮ್ಮ ಹೆಸರು ಕೇಳಿದರು. ನಾನು ನನ್ನಪ್ಪನ ಹೆಸರು ಸೇರಿಸಿ ಹೇಳಿದೆ, ಮಗಳು ಅವಳಪ್ಪನದು ಸೇರಿಸಿ ಹೇಳಿದಳು. ಅವರು ಇಬ್ಬರನ್ನೂ ನೋಡಿದರು. ಅವರು ಕೇಳುವ ಮೊದಲೇ, ಇವಳು ನನ್ನ ಮಗಳು ಎಂದೆ.