ಗಂಗವ್ವನಿಗೆ ನಿಂತುಹೋದ ಧಾರಾವಾಹಿ

ಇವತ್ತು ಬೆಳಿಗ್ಗೆ ಹಾಲ್‌ನಲ್ಲಿ ಗೋರಿಕಾಯಿ ಮುರಿಯುತ್ತ ಕೂತಿದ್ದೆ. ಬೆರಳಿಗಂಟಿದ ಆ ಹಸಿ, ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಸಂಜೆಯ ಡೊಂಬಿವಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಾ ಕಣ್ಣಮುಂದೆ ಬಂದು ನಿಂತಿತು. ನಗಬೇಡಿ. ಮುಂಬಯಿಗೆ ನೌಕರಿಗೆಂದು ಓಡಾಡಿದ ನನ್ನಂಥವರಿಗೆ ಅರ್ಧ ಅಡುಗೆಮನೆ ಅದೇ ಆಗಿತ್ತು. ದಾದರಿನಲ್ಲಿ ತರಕಾರಿ ಕೊಂಡು ಹತ್ತುವುದು, ಸೀಟು ಸಿಕ್ಕ ಪುಣ್ಯವಂತೆಯರು ತೊಡೆಯ ಮೇಲೆ ಪೇಪರು ಹರಡಿ ಬಟಾಣಿ ಸುಲಿಯುವುದು, ಮೆಂತ್ಯ ಬಿಡಿಸುವುದು. ಠಾಣೆ ದಾಟುವ ಹೊತ್ತಿಗೆ ರಾತ್ರಿಯ ಪಲ್ಯಕ್ಕೆ ಒಗ್ಗರಣೆಯೊಂದೇ ಬಾಕಿ.

ನಮ್ಮದು ಕನ್ನಡದವರ ಮೂಲೆ. ನನಗೆ ಮಾತ್ರ ತರಕಾರಿ ಕೆಲಸ ಮಾಫಿ, ಏಕೆಂದರೆ ನಾನು ಓದಿ ಹೇಳುವವಳು. ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳವು. ನಮ್ಮ ಸೊಸೈಟಿಯ ಪಕ್ಕದ ವಿಂಗಿನಲ್ಲಿ ವಸುಧಕ್ಕ ಎಂಬ ಕಾದಂಬರಿಕಾರ್ತಿ ಇದ್ದರು. ಮೈಸೂರಿನವರು. ಊರಿನ ವಾರಪತ್ರಿಕೆಯೊಂದರಲ್ಲಿ ಅವರ ಧಾರಾವಾಹಿ ಬರುತ್ತಿತ್ತು. ಅವರ ಕಾದಂಬರಿಯೆಂದರೆ ಒಂದು ಮನೆ, ನಾಲ್ಕು ಜನ, ಬಿಡಿಸಲಾಗದ ಒಂದು ಸಂಕಟ. ಕೆಟ್ಟವರೇ ಇರುವುದಿಲ್ಲ, ಎಲ್ಲರೂ ಒಳ್ಳೆಯವರೇ, ಅದೇ ತೊಂದರೆ. ಕೊನೆಗೆ ನಾಯಕಿ ಏನನ್ನಾದರೂ ಬಿಟ್ಟುಕೊಡುತ್ತಾಳೆ, ಮುಂಬ್ರಾ ಸ್ಟೇಷನ್ನು ಬರುವಷ್ಟರಲ್ಲಿ ನಾವು ಕಣ್ಣೊರೆಸಿಕೊಳ್ಳುತ್ತೇವೆ. ಓದುವಾಗ ನಾನು ದನಿಯನ್ನು ಬೇಕಂತಲೇ ನಡುಗಿಸುತ್ತಿದ್ದೆ ಎಂದು ಉಡುಪಿ ಕಡೆಯ ವನಜಕ್ಕ ಈಗಲೂ ಆಡಿಕೊಳ್ಳುತ್ತಾರೆ. ಸ್ವಲ್ಪ ನಿಜವೇ ಅನ್ನಿ.

ಓದು ನಡೆಯುತ್ತಿದ್ದದ್ದು ಮುಖ್ಯವಾಗಿ ನಮ್ಮ ಮೂಲೆಯ ರೇಖಾಳಿಗಾಗಿ. ಹುಟ್ಟಿದ್ದು ಡೊಂಬಿವಲಿಯಲ್ಲೇ. ಕನ್ನಡ ಪೂರಾ ತಿಳಿಯುತ್ತದೆ, ಓದಲು ಬಾರದು, ಉತ್ತರ ಕೊಡುವುದು ಮರಾಠಿಯಲ್ಲಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಅತ್ತೆ ಗಂಗವ್ವನ ಜೊತೆ ಕಾರ್ಖಾನೆಗಳ ಎಂಐಡಿಸಿ ಪ್ರದೇಶದ ಪಕ್ಕ ಒಂದು ಕೋಣೆಯಲ್ಲಿದ್ದಳು. ವಿಜಯಪುರ ಕಡೆಯ ಗಂಗವ್ವ ಕಾರ್ಖಾನೆಯ ಕೆಲಸಗಾರರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಅಕ್ಷರದ ಗಂಧವಿಲ್ಲ, ಆದರೆ ಕತೆಯೆಂದರೆ ಪ್ರಾಣ. ನಾನು ರೈಲಿನಲ್ಲಿ ಓದಿದ್ದನ್ನು ರೇಖಾ ಮನೆಗೆ ಹೋಗಿ ತನ್ನ ಕಲಬೆರಕೆ ಭಾಷೆಯಲ್ಲಿ ಹೇಳಬೇಕು, ಅತ್ತೆ ಹಿಟ್ಟು ನಾದುತ್ತ ಹೂಂಗುಟ್ಟಬೇಕು. ಅದು ಆ ಮನೆಯ ರೂಢಿ.

ಆ ಸಲದ ಕಾದಂಬರಿಯಲ್ಲಿ ಪದ್ಮಿನಿ ಎಂಬ ವಿಧವೆ, ಅತ್ತೆಯೊಂದಿಗೆ ಇರುವವಳು. ಒಬ್ಬ ಒಳ್ಳೆಯವನು ಮದುವೆಯಾಗುತ್ತೇನೆಂದು ಬರುತ್ತಾನೆ. ಹೋದರೆ ಅತ್ತೆಗೆ ಯಾರು? ಓದುತ್ತ ಓದುತ್ತ ನನ್ನ ದನಿ ತಾನಾಗಿಯೇ ಇಳಿಯಿತು. ರೇಖಾಳನ್ನೂ ಅವಳ ಆಫೀಸಿನ ಬದಲಾಪುರದವನೊಬ್ಬ ಕೇಳಿದ್ದ. ಅವನ ಪುಟ್ಟ ಮನೆಯಲ್ಲಿ ಆಗಲೇ ತಂದೆ, ತಾಯಿ, ತಂಗಿ. ಗಂಗವ್ವನಿಗೆ ಜಾಗವಿರಲಿಲ್ಲ. ಇದು ನಮ್ಮ ಮೂಲೆಗಷ್ಟೇ ಗೊತ್ತು. ವಸುಧಕ್ಕನಿಗೆ ಗೊತ್ತಿಲ್ಲ, ಗಂಗವ್ವನಿಗಂತೂ ಇಲ್ಲವೇ ಇಲ್ಲ.

“ಬಘೂಯಾ, ಪದ್ಮಿನಿ ಕಾಯ್ ಕರ್ತೆ,” ಎಂದಳು ರೇಖಾ. ಪದ್ಮಿನಿ ಏನು ಮಾಡುತ್ತಾಳೋ ನೋಡೋಣ ಎಂದು. ತಮಾಷೆಯಲ್ಲ. ಅವನಿಗೆ ಉತ್ತರ ಕೊಡದೆ ನಿಜವಾಗಿಯೂ ಕೊನೆಯ ಕಂತಿಗೆ ಕಾಯುತ್ತಿದ್ದಳು.

“ಅಲ್ಲ ಮಾರಾಯ್ತಿ, ಬದುಕು ನಿಂದಾ, ಆ ಪದ್ಮಿನಿದಾ?” ಎಂದು ವನಜಕ್ಕ ಬೈದರು. ಬೈದವರೂ ಸೇರಿ ನಾವೆಲ್ಲ ಕಾದೆವು. ಸಂಸಾರದ ವಿಷಯದಲ್ಲಿ ವಸುಧಕ್ಕ ತಪ್ಪುವುದುಂಟೇ ಎಂದು ನಮ್ಮ ನಂಬಿಕೆ.

ಒಂದು ಭಾನುವಾರ ನಾನು ವಸುಧಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಗಂಗವ್ವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಬಟ್ಟೆಗೆ ಸುತ್ತಿದ ರೊಟ್ಟಿ.

“ಅಕ್ಕಾರ, ಆ ಪದ್ಮಿನಿ ಏನಾದ್ಲು? ನಮ್ಮಾಕಿ ಪುಸ್ತಕ ಬರೂದ ನಿಂತದ ಅಂತಾಳ. ನನಗ ನಿದ್ದಿ ಹತ್ತವಲ್ತು.”

ಗಂಡು ಬಂದ ಭಾಗ ಅತ್ತೆಯ ಕಿವಿಗೆ ಬೀಳಬಾರದೆಂದು ರೇಖಾ ಹೇಳಿದ ಸುಳ್ಳು ಅದು. ಬೇಡವೆಂದು ವಸುಧಕ್ಕನಿಗೆ ಕಣ್ಣು ಮಿಟುಕಿಸಿದೆ. ಆದರೆ ಓದುಗರು ಮನೆಬಾಗಿಲಿಗೇ ಬಂದಾಗ ಯಾವ ಲೇಖಕಿ ಪಕ್ಕಕ್ಕೆ ನೋಡಿಯಾಳು! “ನಿಂತಿಲ್ಲಮ್ಮಾ, ಬನ್ನಿ ಕೂತ್ಕೊಳ್ಳಿ,” ಎಂದು ಕೂರಿಸಿ, ಗಂಡು ಬಂದದ್ದು, ಪದ್ಮಿನಿ ತೊಳಲಾಡುತ್ತಿರುವುದು, ಎಲ್ಲವನ್ನೂ ಹೇಳಿಬಿಟ್ಟರು. ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ಬದಲಾಪುರದಾಂವ ಎರಡ ಸರ್ತಿ ಮನಿಗೆ ಬಂದಿದ್ದ. ಚಾ ಕುಡದು ಸುಮ್ಮನ ಹೋದ. ಯಾಕಂತ ಈಗ ತಿಳೀತು.”

ವಸುಧಕ್ಕ ನನ್ನ ಮುಖ ನೋಡಿದರು. ನಾನು ಕಾಫಿಲೋಟ ನೋಡಿದೆ.

“ಆ ಕತಿಯಾಗಿನ ಅತ್ತಿನ್ನ ಯಾರರ ಕೇಳಿದ್ರೇನ್ರಿ?” ಎಂದಳು ಗಂಗವ್ವ.

“ಪಾಪ, ವಯಸ್ಸಾದೋರು. ಯಾಕೆ ನೋಯಿಸೋದು ಅಂತ ಪದ್ಮಿನಿ ಅವರಿಗೆ ಹೇಳೇ ಇಲ್ಲ.”

“ಯಾಕ, ಆಕಿಗೆ ಬಾಯಿಲ್ಲೇನು? ಹೋಗವ್ವಾ ಅಂತ ಆಕಿ ಬಾಯಿಂದನ ಅನಸ್ರಿ.”

“ಹಾಗಂದ್ಬಿಟ್ರೆ ಕಥೆ ಅಲ್ಲಿಗೇ ಮುಗಿದುಹೋಗುತ್ತಲ್ಲಮ್ಮಾ.”

“ಮುಗೀಲಿ ಬಿಡ್ರಿ! ಹುಡುಗಿ ಬಾಳೇವು ಚಾಲೂ ಆಗತದಲ್ಲ.”

ವಸುಧಕ್ಕ ಮೆಲ್ಲಗೆ, ಕೊನೆಯ ಕಂತು ಆಗಲೇ ಅಂಚೆಗೆ ಹಾಕಿಯಾಯಿತು, ಅದರಲ್ಲಿ ಪದ್ಮಿನಿ ಅತ್ತೆಗೋಸ್ಕರ ಮದುವೆ ಒಲ್ಲೆ ಎನ್ನುತ್ತಾಳೆ ಎಂದರು. ಅವರ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ನೋಡಿರಲಿಲ್ಲ.

ಗಂಗವ್ವ ಮೊಣಕಾಲು ಹಿಡಿದುಕೊಂಡು ಎದ್ದಳು. “ಆಕಿ ಹೋದ್ರ ನನಗ ಸಂಕಟ ಆಗತದ, ಸುಳ್ಳ್ಯಾಕ ಹೇಳ್ಲಿ? ಆದ್ರ ನನ್ನ ಸಲುವಾಗಿ ಕುಂತಾಳ ಅಂದ್ರ ತುತ್ತು ಇಳಿಯಂಗಿಲ್ಲ. ಪುಸ್ತಕ ಬರೂದ್ರೊಳಗ ನಾನ ಹೇಳ್ತೀನಿ.”

ಆ ವಾರ ರೈಲಿನಲ್ಲಿ ಕೊನೆಯ ಕಂತು ಓದಿದೆ. ಪದ್ಮಿನಿ ಒಲ್ಲೆನೆಂದು ಬಾಗಿಲು ಹಾಕಿಕೊಂಡಳು. ವನಜಕ್ಕ ಮೂಗು ಸೀಟಿಕೊಂಡರು. ನಾನು ಹೆದರಿ ಹೆದರಿ ರೇಖಾಳ ಕಡೆ ನೋಡಿದರೆ ಅವಳು ಮೆಂತ್ಯ ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ.

“ಚುಕ್ಲಂ ತಿಚಂ,” ಎಂದಳು. ಅವಳದು ತಪ್ಪಾಯಿತು. “ಸಾಸೂಲಾ ವಿಚಾರ್ಲಂಚ್ ನಾಹೀ.” ಅತ್ತೆಯನ್ನು ಕೇಳಲೇ ಇಲ್ಲವಲ್ಲ.

ರೇಖಾಳ ಮದುವೆಯಲ್ಲಿ ಹೆಣ್ಣಿನ ಕಡೆಯವಳಾಗಿ ನಿಂತು ಎಲ್ಲ ಮಾಡಿದವಳು ಗಂಗವ್ವ. ಬದಲಾಪುರದವರು ಹೊರಟ ಮೇಲೆ ಅವಳು ಬಿಕ್ಕಿಬಿಕ್ಕಿ ಅತ್ತದ್ದನ್ನೂ ನೋಡಿದೆ. ಮರುದಿನ ರೊಟ್ಟಿಗೆ ಹಿಟ್ಟು ನಾದುತ್ತ ಒಬ್ಬಳೇ ಕೂತದ್ದನ್ನೂ ನೋಡಿದೆ. ರೇಖಾ ಭಾನುವಾರ ಭಾನುವಾರ ಬಂದು ಹೋಗುತ್ತಿದ್ದಳು. ಇನ್ನು ವಸುಧಕ್ಕ ಆಮೇಲೆ ಬರೆದ ಕಾದಂಬರಿಗಳಲ್ಲಿ ಮುದುಕಿಯರು ಬಾಯಿಬಿಟ್ಟು ಮಾತಾಡತೊಡಗಿದರು, ಕೆಲವು ಕಡೆ ಅತಿಯಾಗಿಯೇ.

ಈಗ ನನ್ನ ಮಗ, ಸೊಸೆ ನವಿ ಮುಂಬಯಿಯಲ್ಲಿ ಮನೆ ನೋಡಿದ್ದಾರೆ. ಎಂಟು ಹತ್ತು ದಿನಗಳಿಂದ ಅಡುಗೆಮನೆಯಲ್ಲಿ ಹಿಂದಿಯಲ್ಲಿ ಗುಸುಗುಸು. ಮಮ್ಮಿ ಡೊಂಬಿವಲಿ ಬಿಟ್ಟು ಬರುವುದಿಲ್ಲ, ಒಬ್ಬಳನ್ನೇ ಹೇಗೆ ಬಿಡುವುದು, ಮನೆಯೇ ಬೇಡ ಅಂದುಬಿಡೋಣವೇ. ನಾನು ಕೇಳಿಯೂ ಕೇಳಿಸದವಳ ಹಾಗೆ ಇದ್ದೆ. ಇವತ್ತು ಕೈ ತೊಳೆದುಕೊಂಡು ಒಳಗೆ ಹೋಗಿ, ಕುರ್ಚಿ ಎಳೆದು ಅವರಿಬ್ಬರ ನಡುವೆಯೇ ಕೂತೆ.

ಮಗ ಗಾಬರಿಯಾಗಿ, “ಅರೆ, ಕ್ಯಾ ಹುವಾ ಮಮ್ಮಿ?” ಎಂದ.

“ಏನಿಲ್ಲ ಕಣೋ,” ಎಂದೆ. “ನನ್ನನ್ನೂ ಕೇಳು.”