ಎದುರು ಮನೆಯ ಮೀಟರು

ವಾಷರಣ್ಣನಿಗೆ ಆ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಇಟ್ಟದ್ದರಲ್ಲಿ ತಪ್ಪಿಲ್ಲ. ಅವನ ಯಾವ ಅಂಗಿಯ ಜೇಬಿಗೆ ಕೈ ಹಾಕಿದರೂ, ಮದುವೆ ಅಂಗಿಯೂ ಸೇರಿ, ನಾಲ್ಕು ರಬ್ಬರ್ ವಾಷರು ಸಿಗುತ್ತಿದ್ದವು. ಪರದೇಶಕ್ಕೆ ಬಂದು ಹನ್ನೆರಡು ವರ್ಷ ನಲ್ಲಿ, ಪೈಪು ಅಂತ ದುಡಿದವನು. ಸೋರುವ ನಲ್ಲಿ ಅವನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಹೆದರಿ ತಾನಾಗಿ ನಿಲ್ಲುತ್ತದೆ ಎಂದು ಜೊತೆಯವರು ಹೇಳುತ್ತಿದ್ದರು. ಅದು ಸ್ವಲ್ಪ ಹೆಚ್ಚಾಯಿತು. ಹಾಗೆ ನಿಂತದ್ದು ಎರಡೇ ನಲ್ಲಿ. ಆದರೂ ಆ ಊರಿನ ಅರ್ಧ ಜನ ಅವನು ಜೋಡಿಸಿದ ಪೈಪಿನ ನೀರಲ್ಲೇ ಮುಖ ತೊಳೆಯುತ್ತಿದ್ದರು. ಅಂಥವನು ತನ್ನ ಹೊಸ ಮನೆಗೆ ಎದುರು ಮನೆಯಿಂದ ಬಕೆಟ್ಟಿನಲ್ಲಿ ನೀರು ಹೊತ್ತ.

ಎದುರು ಮನೆ ಬೇರೆ ಯಾರದಾದರೂ ಆಗಿದ್ದರೆ ಹೊರುತ್ತಿದ್ದ, ಮರೆಯುತ್ತಿದ್ದ. ಅದು ಷಡ್ಡಕನ ಮನೆ. ಹೆಂಡತಿಯ ತಂಗಿಯ ಗಂಡ ಈ ದೇಶಕ್ಕೆ ಬಂದು ಇನ್ನೂ ಮೂರು ವರ್ಷ, ಸರಕು ಸಾಗಿಸುವ ಕಂಪನಿಯಲ್ಲಿ ಗುಮಾಸ್ತ. ಎಲ್ಲಿ ಹೋದರೂ ಕಂಕುಳಲ್ಲಿ ಒಂದು ನೀಲಿ ಫೈಲು. ಹುಟ್ಟಿದ ದಾಖಲೆ, ಮದುವೆ ದಾಖಲೆ, ಬಾಡಿಗೆ ಕಾಗದ, ಎಲ್ಲಕ್ಕೂ ಅದರಲ್ಲಿ ಒಂದೊಂದು ಪ್ಲಾಸ್ಟಿಕ್ ಚೀಲ; ನಾಲ್ಕನೇ ಕ್ಲಾಸಿನಲ್ಲಿ ಗೋಣಿಚೀಲದ ಓಟಕ್ಕೆ ಬಂದ ಮೂರನೇ ಬಹುಮಾನದ ಕಾಗದವೂ ಅದರಲ್ಲಿತ್ತು ಎಂದು ವಾಷರಣ್ಣ ಆಣೆ ಮಾಡಿ ಹೇಳುತ್ತಿದ್ದ. ಹಾಗಾಗಿ ಷಡ್ಡಕನಿಗೆ ಅವನು ಮನಸ್ಸಿನೊಳಗೆ ಇಟ್ಟ ಹೆಸರು ಫೈಲಪ್ಪ.

ಒಂದೇ ಕಟ್ಟಡದಲ್ಲಿ, ನಾಲ್ಕನೇ ಮಹಡಿಯಲ್ಲಿ, ಎದುರುಬದುರು ಮನೆ ಹಿಡಿಯೋಣ ಎಂದು ಅಕ್ಕತಂಗಿಯರು ತೀರ್ಮಾನ ಮಾಡಿದರು. ಗಂಡಂದಿರನ್ನು ಕೇಳಿದ್ದು ಆಮೇಲೆ. ಒಂದೇ ಸೋಮವಾರ ಇಬ್ಬರಿಗೂ ಬೀಗದಕೈ ಬಂತು. ಆ ದೇಶದಲ್ಲಿ ಬೀಗದಕೈ ಕೊಟ್ಟರೆ ಗೋಡೆ ಕೊಟ್ಟ ಹಾಗೆ, ಅಷ್ಟೇ. ನೀರಿಗೆ ಒಂದು ಆಫೀಸು, ಕರೆಂಟಿಗೆ ಇನ್ನೊಂದು. ಎರಡಕ್ಕೂ ಬಾಡಿಗೆದಾರ ತನ್ನ ಹೆಸರಲ್ಲಿ ಅರ್ಜಿ ಹಾಕಿ ಖಾತೆ ತೆಗೆಸಬೇಕು. ಫೈಲಪ್ಪ ಎರಡು ಫೋನ್ ಮಾಡಿದ, ಎರಡು ಕಾಗದ ಕಳಿಸಿದ, ಸಂಜೆಯೊಳಗೆ ಅವನ ಮನೆಯಲ್ಲಿ ನೀರು, ದೀಪ, ಟೀವಿ. ವಾಷರಣ್ಣನ ಬಾಡಿಗೆ ಕಾಗದವನ್ನು ಎರಡೂ ಆಫೀಸಿನವರು ವಾಪಸ್ ಮಾಡಿದರು. ಎರಡನೇ ಪುಟದಲ್ಲಿ ಮನೆ ಮಾಲೀಕರ ಸಹಿ ಇರಲಿಲ್ಲ. ಎರಡನೇ ಪುಟ ಅಂತ ಒಂದಿದೆ ಎನ್ನುವುದೇ ವಾಷರಣ್ಣನಿಗೆ ಆಗ ತಿಳಿದದ್ದು. ಮಾಲೀಕರು ಊರಲ್ಲಿರಲಿಲ್ಲ, ಬರುವುದು ಗುರುವಾರ.

ಗುರುವಾರದವರೆಗೆ ಕಾಯಬಹುದಿತ್ತು. ಆದರೆ ಶನಿವಾರ ಅತ್ತೆ ಬರುವವರಿದ್ದರು, ಮೂರು ತಿಂಗಳಿಗೆ. ಫೋನಿನಲ್ಲೇ ಹೇಳಿಬಿಟ್ಟಿದ್ದರು: "ನನ್ನ ಮಂಡಿಗೆ ಬಿಸಿನೀರು ಬೇಕಪ್ಪ. ಯಾರ ಮನೇಲಿ ಕಾದಿರುತ್ತೋ ಅಲ್ಲಿ ಇಳೀತೀನಿ. ನನಗೆ ಇಬ್ಬರೂ ಒಂದೇ."

ಇಬ್ಬರೂ ಒಂದೇ ಅಲ್ಲ ಎಂದು ವಾಷರಣ್ಣನಿಗೆ ಹದಿನಾಲ್ಕು ವರ್ಷದಿಂದ ಗೊತ್ತು. ಅವನ ಸಂಬಂಧ ಗೊತ್ತುಮಾಡುವಾಗ ಈ ಅತ್ತೆ ಪಕ್ಕದ ಕೋಣೆಯಲ್ಲಿ, "ಹುಡುಗನಿಗೆ ಕೂತು ಮಾಡೋ ಕೆಲಸ ಒಂದೂ ಸಿಗಲಿಲ್ವಾ?" ಎಂದದ್ದು ಗೋಡೆ ದಾಟಿ ಅವನ ಕಿವಿಗೆ ಬಿದ್ದಿತ್ತು. ಎರಡನೇ ಅಳಿಯ ಕೂತೇ ಮಾಡುವವನು ಸಿಕ್ಕ. ಈ ಸಲ ಅತ್ತೆ ಮೊದಲು ಕಾಲಿಡಬೇಕಾದದ್ದು ದೊಡ್ಡಳಿಯನ ಮನೆಗೆ. ಅವನೇ ಕೈಯಾರೆ ಕೂರಿಸಿದ ಹಿತ್ತಾಳೆ ಷವರಿನ ಕೆಳಗೆ, ಅವನ ಗೀಸರಿನ ಬಿಸಿನೀರಲ್ಲಿ ಮೀಯಬೇಕು, ಮಿಂದು ಒಂದು ಒಳ್ಳೇ ಮಾತು ಆಡಬೇಕು. ಅಷ್ಟಾದರೆ ಅವನ ಜನ್ಮ ಸಾರ್ಥಕ.

ನೀರಿನ ವಾಲ್ವು ಅವನ ಮನೆ ಬಾಗಿಲ ಪಕ್ಕದ ಗೂಡಿನಲ್ಲೇ ಇತ್ತು, ಸೀಸದ ಸೀಲು ಹಾಕಿ. ವಾಷರಣ್ಣ ಅದನ್ನು ಎಡಗೈಯಲ್ಲಿ, ನಿದ್ದೆಯಲ್ಲಿ, ಬೇಕಾದರೆ ಸೀನುತ್ತ ತೆರೆಯಬಲ್ಲ. ಸೀಲು ಒಡೆದರೆ ಮಾತ್ರ ಲೈಸೆನ್ಸು ಹೋಗುತ್ತದೆ. ದಿನಕ್ಕೆ ಹತ್ತು ಸಲ ಅದನ್ನು ನೋಡಿಕೊಂಡು, ಕೈಯನ್ನು ಜೇಬಿನೊಳಗೆ ಕಟ್ಟಿಹಾಕಿ ಓಡಾಡಿದ.

"ರೀ, ಬಕೆಟ್ ತಗೊಳ್ಳಿ," ಎಂದಳು ಹೆಂಡತಿ.

"ನೀನೇ ಹೋಗು."

"ಬೆಳಿಗ್ಗೆ ನಾನು ಹೋಗಿದ್ದೆ. ಅವರೇನು ಕಚ್ಚಲ್ಲ."

ಬಾಗಿಲು ತೆರೆದ ಷಡ್ಡಕ ಬಾಯಿ ತುಂಬ ಕರೆದ. "ಬನ್ನಿ ಭಾವ. ಬಿಸೀದು ಕೊಡ್ಲಾ, ತಣ್ಣೀರೇ ಸಾಕಾ?"

"ತಣ್ಣೀರೇ ಸಾಕು. ಬಿಸಿನೀರು ಮೈಗೆ ಒಳ್ಳೇದಲ್ಲ."

"ನಿಮ್ಮ ಫೋನೂ ಚಾರ್ಜ್ ಆಗಿದೆ ನೋಡಿ."

ಅದೊಂದು ಬೇರೆ. ಕರೆಂಟಿನವರನ್ನು ಬೈಯಲೂ ಷಡ್ಡಕನ ಕರೆಂಟೇ ಬೇಕು. ಆ ದಿನಗಳಲ್ಲಿ ವಾಷರಣ್ಣನ ಹೊಟ್ಟೆಗೆ ಒಂದು ಪೈಪು ಜೋಡಿಸಿದ್ದರೆ ಇಡೀ ಕಟ್ಟಡಕ್ಕೆ ಬಿಸಿನೀರು ಹೋಗುತ್ತಿತ್ತು, ಮೇಲಿನ ಮಹಡಿಗೆ ಸ್ವಲ್ಪ ಹಬೆಯೂ.

ಕರೆಂಟ್ ಮೀಟರುಗಳೆಲ್ಲ ನೆಲಮಹಡಿಯ ಒಂದು ಕೋಣೆಯಲ್ಲಿದ್ದವು. ನಲವತ್ತೊಂದು ವಾಷರಣ್ಣನದು, ಮುಖ ಕಪ್ಪಿಟ್ಟು ಕೂತಿತ್ತು. ಪಕ್ಕದ ನಲವತ್ತೆರಡು ಷಡ್ಡಕನದು, ಕೆಂಪು ಚುಕ್ಕಿ ಮಿಟುಕಿಸುತ್ತಿತ್ತು, ಕಣ್ಣು ಹೊಡೆದ ಹಾಗೆ. ಕೆಲಸಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಕಸ ಹಾಕಲು ಇಳಿದಾಗ ಒಮ್ಮೆ ವಾಷರಣ್ಣ ಅದರ ಮುಂದೆ ನಿಲ್ಲುತ್ತಿದ್ದ. ಮೀಟರಿನ ಹೊಟ್ಟೆಯ ಮೇಲೆ ಅಚ್ಚು ಹಾಕಿದ ಹನ್ನೊಂದು ಅಂಕಿಯ ನಂಬರು ಕಣ್ಣಿಗೆ ಬಿದ್ದು ಬಿದ್ದು ಬಾಯಿಪಾಠವಾಗಿತ್ತು. ಹದಿನೇಳರ ಮಗ್ಗಿ ಕಲಿಯಲಾಗದೆ ಸ್ಕೂಲು ಬಿಟ್ಟವನು ಅದನ್ನು ಹಿಂದುಮುಂದಾಗಿಯೂ ಹೇಳುತ್ತಿದ್ದ.

"ನಿನ್ನ ತಂಗಿ ಮನೇಲಿ ಒಂದೇ ದಿನಕ್ಕೆ ಹದಿನಾಲ್ಕು ಯೂನಿಟ್," ಎಂದು ಮೇಲೆ ಬಂದು ವರದಿ ಒಪ್ಪಿಸುತ್ತಿದ್ದ. "ಏನು ಅಕ್ಕಿ ಗಿರಣಿ ಇಟ್ಟಿದಾರಾ?"

"ನಮ್ಮ ಮೀಟರ್ ಏನು ಹೇಳ್ತು?"

"ನಮ್ಮದೇನು ಹೇಳುತ್ತೆ. ಅದನ್ನ ಯಾರು ನೋಡ್ತಾರೆ."

ಗುರುವಾರ ಮಾಲೀಕರು ಬಂದರು, ಸಹಿ ಬಿತ್ತು. ಸಂಜೆಗೆ ನೀರಿನ ಆಫೀಸಿನಿಂದ ಹಳೇ ಪರಿಚಯದ ಕೆಲಸಗಾರನೇ ಬಂದು, "ಏನಣ್ಣ, ನಿಮ್ಮ ಮನೆಗೇ ನೀರಿಲ್ವಾ?" ಎಂದು ಹೊಟ್ಟೆ ಹಿಡಿದು ನಕ್ಕು, ಸೀಲು ಕತ್ತರಿಸಿ ಹೋದ. ನೀರು ಬಂತು. ಎಂಥ ತಣ್ಣಗಿನ ನೀರು ಎಂದರೆ, ಕೈಯೊಡ್ಡಿದರೆ ಉಂಗುರ ಸಡಿಲವಾಗುತ್ತಿತ್ತು. ಗೀಸರಿಗೆ ಕರೆಂಟು ಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಯಾರದೋ ಅಡುಗೆಮನೆ ಸಿಂಕಿನ ಕೆಳಗೆ ಅಂಗಾತ ಮಲಗಿ, ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಫೋನು ಹಿಡಿದು ವಾಷರಣ್ಣ ಕರೆಂಟ್ ಆಫೀಸಿಗೆ ಮಾತಾಡಿದ.

"ಕಾಗದ ತಲುಪಿದೆ," ಎಂದಳು ಆಫೀಸಿನ ಹೆಂಗಸು. "ನಿಮ್ಮದು ಹೊಸ ಕಟ್ಟಡ, ಮನೆ ನಂಬರುಗಳು ಇನ್ನೂ ನಮ್ಮ ಕಂಪ್ಯೂಟರಿಗೆ ಏರಿಲ್ಲ. ಮೀಟರ್ ನಂಬರ್ ಒಂದು ಹೇಳಿ ಸಾಕು."

ಹನ್ನೊಂದು ಅಂಕಿಯನ್ನೂ ಅವನು ಉಸಿರು ತೆಗೆಯದೆ ಹೇಳಿದ.

"ಈಗ ಎಷ್ಟು ತೋರಿಸ್ತಿದೆ?"

"ಐವತ್ತೊಂಬತ್ತು."

"ಚೀಟಿ ನೋಡದೆ ಇಷ್ಟು ಚೊಕ್ಕವಾಗಿ ಹೇಳೋರು ಅಪರೂಪ," ಎಂದಳು ಆಕೆ. "ನಾಳೆಯೊಳಗೆ ಆಗುತ್ತೆ."

ಕಾಗದದ ಕೆಲಸದಲ್ಲಿ ಹೊಗಳಿಸಿಕೊಂಡದ್ದು ಹುಟ್ಟಿದಮೇಲೆ ಅದೇ ಮೊದಲು. ಹಿಗ್ಗಿಗೆ ಸಿಂಕಿನ ಕೆಳಗೆ ತಲೆ ಎತ್ತಿ ಹಣೆ ಬಡಿಸಿಕೊಂಡ.

ಶನಿವಾರ ಬೆಳಿಗ್ಗೆ ಅಕ್ಕತಂಗಿಯರು ಅಮ್ಮನನ್ನು ಕರೆತರಲು ಹೋದರು. ವಾಷರಣ್ಣ ಸ್ವಿಚ್ಚು ಹಾಕಿ ಹಾಕಿ ನೋಡುತ್ತಿದ್ದ, ದೀಪ ಇಲ್ಲ. ಅಷ್ಟರಲ್ಲಿ ಎದುರು ಮನೆಯಿಂದ, "ಅಯ್ಯೋ, ಕರೆಂಟ್ ಹೋಯ್ತು," ಎಂಬ ದನಿ ಕೇಳಿತು.

ಸುಳ್ಳು ಯಾಕೆ ಹೇಳಬೇಕು, ತನ್ನ ಮದುವೆಯ ದಿನವೂ ವಾಷರಣ್ಣ ಅಷ್ಟು ಚೆನ್ನಾಗಿ ನಕ್ಕಿರಲಿಲ್ಲ. ನಗುವನ್ನು ಒರೆಸಿಕೊಂಡು, ಸಮಾಧಾನ ಹೇಳುವ ಮುಖ ಹಾಕಿಕೊಂಡು ಬಾಗಿಲಿಗೆ ಬಂದ. ಫೈಲಪ್ಪ ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ವಾಷರಣ್ಣನ ಫೋನು ಹಿಡಿದು ನಿಂತಿದ್ದ.

"ತಗೊಳ್ಳಿ ಭಾವ, ಅರ್ಧ ಚಾರ್ಜ್ ಆಗಿದೆ. ಏನೋ ಮೆಸೇಜ್ ಬಂತು. ನಿಮ್ಮದನ್ನ ಚಾರ್ಜಿಗೆ ಹಾಕಿ ನನ್ನ ಫೋನು ಸತ್ತಿದೆ, ಆಫೀಸಿಗೆ ನಿಮ್ಮದರಲ್ಲೇ ಮಾತಾಡ್ಲಾ?"

ವಾಷರಣ್ಣ ಮೆಸೇಜು ಓದಿದ. ನಿಮ್ಮ ಹೆಸರಿಗೆ ಹೊಸ ಖಾತೆ ತೆರೆದಿದೆ. ಈ ಮೀಟರಿನ ಹಳೇ ಖಾತೆ ಮುಚ್ಚಿದೆ. ತಪಾಸಣೆ ಮುಗಿಯುವವರೆಗೆ ಲೈನು ನಿಲ್ಲಿಸಿದೆ. ಕೆಳಗೆ ಮೀಟರ್ ನಂಬರು. ತನ್ನ ಮೀಟರಿಗೆ ಹಳೇ ಖಾತೆ ಎಲ್ಲಿಂದ ಬಂತು ಎಂದುಕೊಳ್ಳುತ್ತಿರುವಾಗಲೇ ಆ ಹನ್ನೊಂದು ಅಂಕಿಗಳು ಒಂದೊಂದಾಗಿ ಅವನಿಗೆ ಕಣ್ಣು ಹೊಡೆದವು.

ಸುಮ್ಮನಿರಬಹುದಿತ್ತು. ಎರಡೂ ಮನೆ ಕತ್ತಲು, ಎರಡೂ ಮನೆ ತಣ್ಣೀರು. ಅತ್ತೆ ಹೇಳಿದಂತೆ ಇಬ್ಬರೂ ಒಂದೇ. ಆದರೆ ಫೈಲಪ್ಪ ಫೈಲಿನ ಚೀಲಗಳನ್ನು ಒಂದೊಂದಾಗಿ ತಡಕುತ್ತಿದ್ದ, ಬಸ್ ಟಿಕೆಟ್ ಕಳೆದುಕೊಂಡವನ ಹಾಗೆ. "ಎಲ್ಲಾ ಸರಿಯಾಗೇ ಮಾಡಿದ್ದೆ ಭಾವ. ಅತ್ತೆ ಇನ್ನೇನು ಬರ್ತಾರೆ."

"ಇರಿ," ಎಂದ ವಾಷರಣ್ಣ. "ನಾನೇ ಮಾತಾಡ್ತೀನಿ."

ಷಡ್ಡಕನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ. ಅದೇ ಹೆಂಗಸು ಎತ್ತಿಕೊಂಡಳು.

"ನಿನ್ನೆ ಹೇಳಿದ್ದು ನನ್ನ ಮೀಟರಲ್ಲ ತಾಯಿ. ಎದುರು ಮನೇದು."

"ಎದುರು ಮನೆ ನಂಬರ್ ನಿಮಗೆ ಹೇಗೆ ಗೊತ್ತು?"

"ದಿನಾ ನೋಡ್ತಿದ್ದೆ."

"ಯಾಕೆ?"

ವಾಷರಣ್ಣ ಗೋಡೆ ನೋಡಿದ. ಗೋಡೆ ಏನೂ ಹೇಳಿಕೊಡಲಿಲ್ಲ. "ಹೊಟ್ಟೆಕಿಚ್ಚು," ಎಂದ.

"ಅರ್ಜಿಯಲ್ಲಿ ಅದಕ್ಕೆ ಜಾಗ ಇಲ್ಲ," ಎಂದಳು ಆಕೆ. "ಕಣ್ತಪ್ಪು ಅಂತ ಬರ್ಕೋತೀನಿ. ನಿಮ್ಮ ಮೀಟರ್ ನಂಬರ್ ಹೇಳಿ."

ವಾಷರಣ್ಣನಿಗೆ ಅದು ಗೊತ್ತಿರಲಿಲ್ಲ. ಮೊದಲನೇ ಅಂಕಿಯೂ ಗೊತ್ತಿರಲಿಲ್ಲ.

ಫೈಲಪ್ಪ ಫೈಲನ್ನು ಭಾವನ ಕೈಗೆ ಕೊಟ್ಟು, ನಾಲ್ಕು ಮಹಡಿ ಇಳಿದು, ಒಂದು ಚೀಟಿಯಲ್ಲಿ ನಂಬರು ಬರೆದುಕೊಂಡು, ಏದುಸಿರು ಬಿಡುತ್ತ ಹತ್ತಿ ಬಂದ. ಅವನ ಹಿಂದೆಯೇ ಅಕ್ಕತಂಗಿಯರು, ಅವರ ನಡುವೆ ಅತ್ತೆ. ಸ್ಪೀಕರಿನ ಮಾತು ಮೆಟ್ಟಿಲ ಮೇಲೆ ಎಷ್ಟು ದೂರ ಹೋಗುತ್ತದೆ ಎಂದು ವಾಷರಣ್ಣ ಯೋಚಿಸಿರಲಿಲ್ಲ. ಅತ್ತೆ ಸೂಟ್‌ಕೇಸಿನ ಮೇಲೆ ಕೆಳಗಿನ ಮಹಡಿಯಲ್ಲೇ ಕೂತು, ಮಂಡಿ ನೀವಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ವಾಷರಣ್ಣ ಚೀಟಿ ನೋಡಿ ನಂಬರು ಓದಿದ. "ನಿಮ್ಮದು ಒಂದು ಗಂಟೇಲಿ ಬರುತ್ತೆ," ಎಂದಳು ಆಫೀಸಿನ ಹೆಂಗಸು. "ಅವರದು ಮುಚ್ಚಿದ ಖಾತೆ. ಮತ್ತೆ ತೆರೆಯೋಕೆ ಸೋಮವಾರ ಆಗುತ್ತೆ."

ಹೀಗೆ ವಾಷರಣ್ಣ ಗೆದ್ದ. ಗಂಟೆಯೊಳಗೆ ನಲವತ್ತೊಂದರಲ್ಲಿ ದೀಪ ಹತ್ತಿತು, ಗೀಸರು ಗುರುಗುಟ್ಟಿತು, ಅತ್ತೆ ಮೊದಲು ಕಾಲಿಟ್ಟದ್ದು ದೊಡ್ಡಳಿಯನ ಮನೆಗೇ. ಹಿತ್ತಾಳೆ ಷವರಿನ ಕೆಳಗೆ ಅವರು ಎಷ್ಟು ಹೊತ್ತು ಮಿಂದರೆಂದರೆ, ಹೋದಾಗ ಇದ್ದ ವಯಸ್ಸಿಗಿಂತ ಬರುವಾಗ ಐದು ವರ್ಷ ಕಡಿಮೆಯಾಗಿತ್ತು. ವಾಷರಣ್ಣ ಬಾಗಿಲ ಹೊರಗೆ ಹದಿನಾಲ್ಕು ವರ್ಷದ ಕಿವಿ ತೆರೆದುಕೊಂಡು ನಿಂತಿದ್ದ.

"ನೀರು ಚೆನ್ನಾಗಿದೆ, ದೊಡ್ಡಳಿಯಂದಿರೇ," ಎಂದರು ಅತ್ತೆ ತಲೆ ಒರೆಸಿಕೊಳ್ಳುತ್ತ. ಆಮೇಲೆ ಮಗಳ ಕಡೆ ತಿರುಗಿದರು. "ಆದರೆ ನೋಡೇ, ತಮ್ಮ ಮನೆ ಕತ್ತಲಾಗಿದ್ರೂ ನಾಲ್ಕು ಮಹಡಿ ಇಳಿದು ಇವರ ನಂಬರ್ ತಂದ್ರಲ್ಲ ಚಿಕ್ಕಳಿಯಂದಿರು. ಎಂಥಾ ಗುಣ."

ಸಂಜೆ ಬಾಗಿಲು ಬಡಿದ ಸದ್ದಾಯಿತು. ಷಡ್ಡಕ ಬಕೆಟ್ ಹಿಡಿದು ನಿಂತಿದ್ದ.

"ಬನ್ನಿ," ಎಂದ ವಾಷರಣ್ಣ. "ಬಿಸೀದು ಕೊಡ್ಲಾ, ತಣ್ಣೀರೇ ಸಾಕಾ?"

"ಬಿಸೀದೇ ಕೊಡಿ ಭಾವ. ನಿಮ್ಮಷ್ಟು ಗಟ್ಟಿ ಮೈ ನಮ್ಮದಲ್ಲ."

ಎರಡು ದಿನ ಎದುರು ಮನೆಯವರ ಸ್ನಾನವೆಲ್ಲ ವಾಷರಣ್ಣನ ಗೀಸರಿನಲ್ಲೇ ಆಯಿತು. ಸೋಮವಾರ ಬೆಳಿಗ್ಗೆ ಅವನು ಮೀಟರ್ ಕೋಣೆಗೆ ಇಳಿದರೆ, ಫೈಲಪ್ಪ ಆಗಲೇ ನಲವತ್ತೊಂದರ ಮುಂದೆ ಬಗ್ಗಿ ನಿಂತಿದ್ದ.

"ಇಪ್ಪತ್ತಾರು ಯೂನಿಟ್ ಭಾವ. ಏನು, ಅಕ್ಕಿ ಗಿರಣಿ ಇಟ್ಟಿದೀರಾ?"

ಹೆಂಡತಿ ತಂಗಿಗೆ ಏನೇನು ಹೇಳಿದ್ದಾಳೆ ಎಂದು ವಾಷರಣ್ಣನಿಗೆ ಅಲ್ಲಿಗೆ ಅರ್ಥವಾಯಿತು. "ಅದರಲ್ಲಿ ಹದಿನಾರು ನಿಮ್ಮದೇ," ಎಂದ.

ಇವತ್ತಿಗೂ ಎದುರು ಮನೆಯ ಮೀಟರ್ ನಂಬರು ಕೇಳಿ, ಅವನು ಉಸಿರು ತೆಗೆಯದೆ ಹೇಳುತ್ತಾನೆ. ತನ್ನದು ಕೇಳಿದರೆ ಜೇಬಿಗೆ ಕೈ ಹಾಕಬೇಕು. ಮೊದಲು ನಾಲ್ಕು ವಾಷರು ಬರುತ್ತವೆ, ಆಮೇಲೆ ಷಡ್ಡಕ ಬರೆದುಕೊಟ್ಟ ಆ ಚೀಟಿ. ಏದುಸಿರಿನಲ್ಲಿ ಬರೆದದ್ದಾದರೂ ಅಂಕಿಗಳು ಮುತ್ತು ಪೋಣಿಸಿದ ಹಾಗಿವೆ. ಅದನ್ನು ಬಿಚ್ಚಿದಾಗಲೆಲ್ಲ ವಾಷರಣ್ಣ ಒಳಗೊಳಗೇ ಗೊಣಗಿಕೊಳ್ಳುತ್ತಾನೆ. ಬರವಣಿಗೆಯಾದರೂ ಸ್ವಲ್ಪ ಕೆಟ್ಟದಾಗಿರಬಾರದಿತ್ತೇ ಷಡ್ಡಕನದು.